ತುವಾನ್ ಮಲಗಿದ್ದ ಮಧ್ಯಾಹ್ನ

ವಾನ್ ಹೆಮ್‌ಸ್ಟೆ ಜಾವಾದಲ್ಲಿ ಲೆಫ್ಟಿನೆಂಟ್ ಆಗಿ ಹಡಗಿಳಿದಾಗ ಅವರ ಪೆಟ್ಟಿಗೆ ಹೊತ್ತವನು ನಾನು. ಸುಮಾತ್ರಾದ ಕಾಡಿನಲ್ಲಿ ತೊಡೆಗೆ ಗುಂಡು ಬಿದ್ದಾಗ ಅವರನ್ನೇ ಹೊತ್ತು ತಂದವನೂ ನಾನೇ. ಅವರು ಕ್ಯಾಪ್ಟನ್ ಆದರು, ಕರ್ನಲ್ ಆದರು, ಕೊನೆಗೆ ನಮ್ಮ ಅಂಬೋನಿನ ದ್ವೀಪಗಳಿಗೇ ಗವರ್ನರ್ ಆಗಿ ಬಂದರು. ನಾನು ಆಳಾಗಿಯೇ ಉಳಿದೆ. ಅಂಬೋನಿನವರ ನಿಯತ್ತು ಅಂದರೆ ನಿಯತ್ತು ಎಂದು ಡಚ್ಚರು ಹೊಗಳಿದರೆ ಸಾಕು, ನಾವು ಉಬ್ಬಿಹೋಗುತ್ತಿದ್ದೆವು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಡಚ್ಚರ ಮನೆಯಲ್ಲಿ ಪಾತ್ರೆಯೂ ಸದ್ದು ಮಾಡುವಂತಿರಲಿಲ್ಲ. ಜಪಾನಿನವರು ಬಂದೇಬಿಡುತ್ತಾರೆಂದು ಊರು ನಡುಗುತ್ತಿದ್ದ 1942ರ ಆ ಜನವರಿಯಲ್ಲೂ ಈ ಕ್ರಮ ತಪ್ಪಲಿಲ್ಲ.

"ದೊಮಿಂಗುಸ್, ಎರಡು ದಿನದಿಂದ ಕಣ್ಣು ಮುಚ್ಚಿಲ್ಲ. ಆಕಾಶವೇ ಕಳಚಿಬಿದ್ರೂ ನಾಲ್ಕರವರೆಗೆ ನನ್ನ ಎಬ್ಬಿಸಬೇಡ," ಎಂದು ಹೇಳಿ ನಮ್ಮ ತುವಾನ್, ಅಂದರೆ ಯಜಮಾನರು, ಮಲಗಿದರು.

ಎರಡೂವರೆಗೆ ನನ್ನ ಹೆಂಡತಿ ಬತ್ಸೇಬಾ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಓಡಿಬಂದಳು.

"ಊರು ಬಿಡೋರನ್ನ ಸಾಗಿಸೋ ಹಡಗು ಮೂರಕ್ಕೇ ಹೊರಡುತ್ತಂತೆ! ಬಿಳಿ ಹೆಂಗಸರನ್ನೆಲ್ಲ ಹತ್ತಿಸಿಕೊಂಡ್ರು. ನಮ್ಮಂಥವರಿಗೆ ಈ ಕಾಗದದ ಮೇಲೆ ಗವರ್ನರ್ ಸಹಿ ಬೇಕಂತೆ. ಎಬ್ಬಿಸ್ರೀ!"

"ಮೆಲ್ಲಗೆ ಮಾತಾಡೇ. ಗವರ್ನರನ್ನ ಕೇಳದೆ ಹಡಗು ಹೊರಡುತ್ತೇನು? ನಾಲ್ಕಾಗಲಿ."

"ಬಾಂಬು ಹಾಕೋರು ನಾಲ್ಕು ಗಂಟೆ ನೋಡ್ಕೊಂಡು ಬರ್ತಾರಾ? ಅವರ ಬೂಟು ಒರೆಸಿ ಒರೆಸಿ ನಿಮ್ಮ ಗಂಡಸ್ತನವೂ ಸವೆದುಹೋಯ್ತಾ?"

ನಾನು ತುಟಿಗೆ ಬೆರಳಿಟ್ಟು ಸುಮ್ಮನಿರಿಸಿದೆ. ಸರಿಯಾಗಿ ಮೂರಕ್ಕೆ ಬಂದರಿನಿಂದ ಹಡಗಿನ ಕೂಗು ಕೇಳಿಸಿತು. ಬತ್ಸೇಬಾ ಮಗಳನ್ನು ಸೊಂಟದಿಂದ ಕೆಳಗಿಳಿಸಿದಳು. ನಾಲ್ಕಕ್ಕೆ ಎದ್ದ ತುವಾನ್ ವಿಷಯ ಕೇಳಿ, ಕೊಡು ಇಲ್ಲಿ ಎಂದು ಕಾಗದ ಕಸಿದುಕೊಂಡು ಸಹಿ ಹಾಕಿದರು. ಆಗ ಸಮುದ್ರದಲ್ಲಿ ಹೊಗೆಯೂ ಕಾಣುತ್ತಿರಲಿಲ್ಲ.

ಹನ್ನೆರಡನೆಯ ದಿನ ನಾವಿದ್ದ ಸಿಪಾಯಿಗಳ ವಠಾರದ ಮೇಲೆ ಬಾಂಬು ಬಿತ್ತು. ನಮ್ಮ ಮಗಳು ವೆಲ್ಮಿನಾ ಅದರಲ್ಲಿ ಹೋದಳು. ಅವಳಿಗೆ ಐದು ವರ್ಷ. ತುವಾನ್ ಊರನ್ನು ಒಪ್ಪಿಸಿ ಸೆರೆಗೆ ಹೋದರು.

ಯುದ್ಧ ಮುಗಿದ ಮೇಲೆ, ಹಾಲೆಂಡಿಗೆ ಹೊರಡುವ ಮುನ್ನ, ಅವರು ನಮ್ಮ ಗುಡಿಸಲಿಗೆ ಬಂದರು. ಎಲುಬಿನ ಹಂದರವಾಗಿದ್ದರು, ಎದೆಯ ಮೇಲೆ ಹೊಸ ಪದಕವಿತ್ತು. ಬತ್ಸೇಬಾ ಕಾಫಿ ಕೊಟ್ಟಳು.

"ನೀನು ಎಬ್ಬಿಸಬೇಕಿತ್ತು ಕಣೋ," ಎಂದರು.

"ಹೌದು ತುವಾನ್. ತಪ್ಪು ನನ್ನದೇ."

ಇಲ್ಲಪ್ಪ, ನನ್ನದೂ ಇದೆ ಎನ್ನುತ್ತಾರೆಂದು ಕಾದೆ. ಅದೊಂದು ಮಾತಿಗಾಗಿ ಬತ್ಸೇಬಾ ಕೂಡ ಅವರ ಮುಖವನ್ನೇ ನೋಡುತ್ತ ನಿಂತಿದ್ದಳು. ಅವರು ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಆ ಹಡಗಿನ ವಿಚಾರಣೆಯಲ್ಲಿ ನಾನೂ ಹಾಗೇ ಹೇಳಿದೀನಿ," ಎಂದರು.

ಬತ್ಸೇಬಾ ಒಳಗೆ ಹೋದಳು. ನಾನು ಅವರನ್ನು ರಸ್ತೆಯವರೆಗೆ ಕಳಿಸಿಬಂದೆ, ಸಲಾಮನ್ನೂ ಹೊಡೆದೆ. ಬೈಯಬೇಕೆಂದರೆ ಬಾಯಿ ಬರಲಿಲ್ಲ. ಅವರ ಕೋಣೆಗೆ ಆ ದಿನ ಬೀಗವಿರಲಿಲ್ಲ, ಅಗುಳಿಯೂ ಇರಲಿಲ್ಲ. ಇದ್ದದ್ದು ಒಂದು ಬಟ್ಟೆಯ ಪರದೆ.