ಗ್ವೆಲೀ ಕೊಟ್ಟ ಮಾತು

ಬೊಕ್ ಮಾಮ ಸ್ಕೂಟರನ್ನು ರಸ್ತೆಯ ಆಚೆ ಬದಿಯಲ್ಲೇ ನಿಲ್ಲಿಸಿ, ಈಚೆಗೆ ಕಾಲಿಡದೆ ಅಲ್ಲಿಂದಲೇ ಕೂಗಿದ.

“ಲೇಚೂ! ಸ್ವಲ್ಪ ಹೊರಗೆ ಬಾಮ್ಮ!”

ಸಾವಿನ ಮನೆಯ ಶಾಮಿಯಾನ ಅರ್ಧ ರಸ್ತೆಯನ್ನು ನುಂಗಿತ್ತು. ಅದರೊಳಗೆ ಅಮ್ಮನ ಪಟದ ಮುಂದೆ ಕೂತು ಕಾಗದದ ತಾವರೆ ಮಡಚುತ್ತಿದ್ದ ಲೇಚು, ಸೂತಕದ ಸೆಣಬಿನ ಮುಸುಕು ಸರಿಮಾಡಿಕೊಂಡು ಎದ್ದು ಬಂದಳು. ಮಾಮನ ಮೈಮೇಲೆ ಕೆಂಪು ಕೋಟು, ಭುಜಕ್ಕೆ ಜರಿ, ಬೆನ್ನಿಗೆ ಟ್ರಂಪೆಟ್ಟಿನ ಪೆಟ್ಟಿಗೆ. ಅತ್ತು ಅತ್ತು ಕಣ್ಣುಗಳೂ ಕೋಟಿನ ಬಣ್ಣಕ್ಕೇ ತಿರುಗಿದ್ದವು.

“ಅಲ್ಲೇ ಯಾಕೆ ನಿಂತ್ರಿ ಮಾಮ? ಒಳಗೆ ಬನ್ನಿ.”

“ಹೆಂಗಮ್ಮ ಬರ್ಲಿ? ಹನ್ನೊಂದಕ್ಕೆ ಮದುವೆ ಇದೆ. ಸಾವಿನ ಮನೆ ತುಳಿದು ಅಲ್ಲಿಗೆ ಹೋದ್ರೆ, ಹುಡುಗಿ ಕಡೆಯೋರು ನನ್ನ ಟ್ರಂಪೆಟ್ಟಲ್ಲೇ ನನಗೆ ಬಾರಿಸ್ತಾರೆ.”

ಸತ್ತವಳು ಗ್ವೆಲೀ, ಎಪ್ಪತ್ತೆರಡರ ಮುದುಕಿ. ತೈನಾನ್ ಕಡಲ ಸೀಮೆಯಲ್ಲಿ ನಲವತ್ತು ವರ್ಷ ಮದುವೆಗೆ, ದೇವರ ಹುಟ್ಟುಹಬ್ಬಕ್ಕೆ, ಸಾವಿಗೆ ಬ್ಯಾಂಡಿನವರನ್ನು ಗೊತ್ತುಮಾಡಿ ಕಳಿಸಿದವಳು. ಅವಳಿಗೇನೋ ಒಂದು ಪೀಪಿ ಊದಲೂ ಬರುತ್ತಿರಲಿಲ್ಲ. ಆದರೆ ಯಾರ ಉಸಿರು ಎಷ್ಟು ಉದ್ದ, ಯಾರು ಕುಡಿದರೆ ತಾಳ ತಪ್ಪುತ್ತಾರೆ, ಯಾವ ಇಬ್ಬರನ್ನು ಒಂದೇ ವ್ಯಾನಿನಲ್ಲಿ ಕೂರಿಸಬಾರದು ಎಲ್ಲವೂ ಗೊತ್ತಿತ್ತು. ಮದುವೆಗೆ ಕೆಂಪು, ಸಾವಿಗೆ ಬಿಳಿ ಎಂದು ಒಬ್ಬೊಬ್ಬರಿಗೂ ಎರಡು ಕೋಟು ಹೊಲಿಸಿಕೊಟ್ಟಿದ್ದಳು. ಒಂಬತ್ತು ದಿನದ ಹಿಂದೆ ಊಟ ಮುಗಿಸಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲೇ ಹೋಗಿಬಿಟ್ಟಳು.

ಪಂಚಾಂಗದವನು ಹೆಣ ಎತ್ತಲು ಇವತ್ತಿನ ದಿನ ಕೊಟ್ಟ. ಇದು ಬಿಟ್ಟರೆ ಮುಂದಿನ ತಿಂಗಳ ಕೊನೆಗೇ ಎಂದ. ಇದೇ ದಿನ ಮದುವೆಗೂ ಒಳ್ಳೆಯದಿತ್ತು. ಹಾಗಾಗಿ ನಾಲ್ಕು ತಿಂಗಳ ಹಿಂದೆಯೇ ಗ್ವೆಲೀ ತನ್ನ ಮೂರೂ ತಂಡಗಳನ್ನು ಮೂರು ಮದುವೆಗಳಿಗೆ ಒಪ್ಪಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಕೆಂಪು ಸುತ್ತು ಹಾಕಿಟ್ಟಿದ್ದಳು. ತನ್ನ ಸಾವಿಗೆಂದು ಒಬ್ಬನನ್ನೂ ಉಳಿಸಿಕೊಂಡಿರಲಿಲ್ಲ.

“ಇನ್ನೂ ಹೊತ್ತಿದೆ ಲೇಚು,” ಎಂದ ಮಾಮ. “ಬಿಳಿ ಕೋಟು ಸ್ಕೂಟರಲ್ಲೇ ಇದೆ. ನೀನೊಂದು ಮಾತು ಹೇಳು, ಇದನ್ನ ಬಿಚ್ಚಿ ಬಿಸಾಕಿ ರಸ್ತೆ ದಾಟ್ತೀನಿ. ಉಳಿದ ಐದು ಜನಾನೂ ಮೂಲೇಲಿ ವ್ಯಾನಲ್ಲಿ ಕೂತು ಕಾಯ್ತಿದಾರೆ. ಆದ್ರೆ ದಾಟಿದ್ಮೇಲೆ ಮತ್ತೆ ಮದುವೆಗೆ ಹೋಗಕ್ಕಾಗಲ್ಲ.”

ಲೇಚುವಿನ ತಮ್ಮ ಆತೇಕ್ ಒಳಗಿನಿಂದಲೇ ದನಿ ಎತ್ತಿದ. “ಹ್ಞೂಂ ಅನ್ನಕ್ಕ! ಊರೋರಿಗೆಲ್ಲ ಬ್ಯಾಂಡ್ ಕಳಿಸಿದೋಳು, ಅವಳು ಮಾತ್ರ ಕಳ್ಳಿ ಥರ ಸದ್ದಿಲ್ಲದೆ ಹೋಗ್ಬೇಕಾ? ಇಲ್ಲಾಂದ್ರೆ ಶವದ ಗಾಡಿಯೋರ ಹತ್ರ ರೆಕಾರ್ಡ್ ಇದೆಯಂತೆ, ಅದನ್ನಾದ್ರೂ...”

“ರೆಕಾರ್ಡ್ ಹೆಸರೆತ್ತಬೇಡ!” ಎಂದಳು ಲೇಚು.

*

ಇಪ್ಪತ್ಮೂರು ವರ್ಷದ ಹಿಂದೆ ಲೇಚುವಿನ ಮದುವೆಗೆ ದಿನ ಗೊತ್ತಾದಾಗಲೂ ಗ್ವೆಲೀಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಬಿದ್ದಾಗಿತ್ತು. ಆಗ ಇದ್ದದ್ದು ಒಂದೇ ತಂಡ. ಅದನ್ನು ಉಪ್ಪಿನ ಗದ್ದೆಯ ಕೂಲಿಯವನೊಬ್ಬನ ಮಗಳಿಗೆ ಒಪ್ಪಿಸಿಯಾಗಿತ್ತು.

“ಅವರಿಗೆ ಇಲ್ಲ ಅನ್ನಮ್ಮ. ನಾನು ನಿನ್ನ ಮಗಳು.”

“ಅದಕ್ಕೇ ಹೇಳ್ತಿರೋದು. ನೀನು ಮಗಳು, ನನ್ನ ಬೈಕೋಬಹುದು. ಅವರು ಊರಿಗೆಲ್ಲ ಹೇಳ್ಕೊಂಡು ಕೂತಿದಾರೆ, ಏನು ಮಾಡ್ತಾರೆ?”

ಬ್ಯಾಂಡಿಲ್ಲದಿದ್ದರೇನು ಎಂದು ಗ್ವೆಲೀ ತಾನೇ ಅಂಗಳದಲ್ಲಿ ಮಗಳಿಗೆ ಮದುಮಗಳ ನಡಿಗೆ ಕಲಿಸಿದಳು. ಮದುಮಗಳನ್ನು ಕಾರಿನಿಂದ ಇಳಿಸಿಕೊಳ್ಳುವಾಗ ನುಡಿಸುವ ರಾಗವನ್ನು ಅಪಸ್ವರದಲ್ಲೇ ಗುನುಗುತ್ತ, “ಸಣ್ಣ ಹೆಜ್ಜೆ, ಸಣ್ಣ ಹೆಜ್ಜೆ! ಬಸ್ ಹಿಡಿಯೋಕೆ ಓಡ್ತಿದೀಯೇನೇ?” ಎಂದು ರೇಗಿಸಿದಳು. ಮದುವೆಯ ದಿನ ಲೇಚು ಕಾರಿನಿಂದ ಒಂದು ಕಾಲು ಹೊರಗಿಟ್ಟಿದ್ದಳಷ್ಟೇ, ಬ್ಯಾಂಡಿನ ಬದಲು ಹಾಕಿದ್ದ ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡು ಕರಕರ ಎಂದಿತು. ನೆಂಟರು ನಕ್ಕರು. ಬ್ಯಾಂಡಿನ ಗ್ವೆಲೀಯ ಮಗಳು ಇನ್ನೊಂದು ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ಕೂತಿದ್ದಳು. ಕೊನೆಗೆ ಇಳಿದು ದಾಪುಗಾಲು ಹಾಕಿಕೊಂಡು ಒಳಗೆ ಹೋದಳು. ಒಂದು ವರ್ಷ ತಾಯಿಯ ಹತ್ತಿರ ಮಾತಾಡಲಿಲ್ಲ. ಆಮೇಲೆ ಮಾತೇನೋ ಬಂತು, ಆದರೆ ಯಾವ ಮದುವೆಯಲ್ಲೇ ಆಗಲಿ, ಆ ರಾಗ ಶುರುವಾದರೆ ಎದ್ದು ಹೊರಗೆ ಹೋಗಿಬಿಡುವಳು.

*

“ಯಾರ ಮದುವೆ ಮಾಮ?”

“ಐಸ್ ಫ್ಯಾಕ್ಟರಿ ಹಿಂದಿನ ಮನೆ ಹುಡುಗಿ. ಅಪ್ಪ ಇಲ್ಲ. ಬೆಳಿಗ್ಗೆ ಐದಕ್ಕೇ ಫೋನ್ ಮಾಡಿದ್ಲು. ‘ಗ್ವೆಲೀ ಅಜ್ಜೀನ ಇವತ್ತೇ ಎತ್ತೋದಂತೆ, ನೀವು ಬರ್ತೀರಾ ಇಲ್ವಾ’ ಅಂತ ಅಳ್ತಿದ್ಲು.”

“ನೀವೇನಂದ್ರಿ?”

“ಲೇಚೂನ ಕೇಳಿ ಹೇಳ್ತೀನಿ ಅಂದೆ.”

ಲೇಚು ಅಮ್ಮನ ಪಟದ ಕಡೆ ತಿರುಗಿದಳು. ಮೊದಲು ಬಂದದ್ದು ಸಿಟ್ಟು. ಸತ್ತ ಮೇಲೂ ಇವಳು ಬೇರೆಯವರ ಮಗಳ ಕಡೆಗೇ! ಒಂದು ಮಾತಿನಲ್ಲಿ ಎಲ್ಲ ಸರಿಮಾಡಿಬಿಡಬಹುದಿತ್ತು, ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಆ ಮಾತು ಬಾಯಿಯವರೆಗೂ ಬಂತು.

“ಹೋಗಿ ಮಾಮ,” ಎಂದಳು. “ಹೊತ್ತಾಗತ್ತೆ.”

“ಅಕ್ಕ, ನಿನಗೇನು ತಲೆ ಕೆಟ್ಟಿದೆಯಾ?” ಎಂದ ಆತೇಕ್.

“ಹುಡುಗಿ ಕಾರಲ್ಲಿ ಕೂತಿರ್ತಾಳೆ ಕಣೋ,” ಎಂದಳು. ಆಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.

ಬೊಕ್ ಮಾಮ ರಸ್ತೆಯ ಆಚೆಯಿಂದಲೇ ಪಟಕ್ಕೆ ಮೂರು ಸಲ ಬಾಗಿದ. ಸಾವಿನ ಸೋಂಕು ತಟ್ಟದಿರಲೆಂದು ಬಾಗಿಲಿಗೆ ಕೆಂಪು ಕಾಗದ ಅಂಟಿಸಿಕೊಂಡಿದ್ದ ಪಕ್ಕದ ಮನೆಯ ಹ್ವಾ ಅತ್ತೆ, “ಕೆಂಪು ಕೋಟು ಹಾಕ್ಕೊಂಡು ಸಾವಿಗೆ ಬಾಗ್ತಾರೇನೋ, ಮುದಿ ಕೋತಿ!” ಎಂದು ಬೈದು ಮೂಗು ಒರೆಸಿಕೊಂಡಳು.

“ಯಾವ ದಾರೀಲಿ ಹೋಗ್ತೀರಿ?” ಎಂದು ಮಾಮ ಸ್ಕೂಟರ್ ಹತ್ತುತ್ತ ಕೇಳಿದ. “ಮದುವೆ ಚಪ್ಪರ ದೇವಸ್ಥಾನದ ಬೀದಿಲೇ ಇದೆ.”

“ಹೆದರಬೇಡಿ, ಮದುಮಗಳಿಗೆ ಎದುರಾಗಲ್ಲ. ಮೀನು ಹೊಂಡದ ಏರಿ ಮೇಲೆ ಬಳಸ್ಕೊಂಡು ಹೋಗ್ತೀವಿ,” ಎಂದಳು ಲೇಚು.

ಮಾಮ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. “ಹಂಗಾದ್ರೆ ಹನ್ನೊಂದೂ ಕಾಲಿಗೆ ಏರಿ ಮೇಲಿರ್ತೀರಿ,” ಎಂದು ಹೊರಟುಹೋದ.

ಹನ್ನೊಂದಕ್ಕೆ ಸರಿಯಾಗಿ ಶವದ ಗಾಡಿ ಹೊರಟಿತು. ಡೋಲಿಲ್ಲ, ಟ್ರಂಪೆಟ್ಟಿಲ್ಲ. ಜಲ್ಲಿಯ ಮೇಲೆ ಚಪ್ಪಲಿಗಳ ಸದ್ದು ಮಾತ್ರ. “ಬದುಕಿದ್ದಾಗ ಒಂದು ನಿಮಿಷ ಬಾಯಿ ಮುಚ್ಚಿದೋಳಲ್ಲ, ಈಗ ನೋಡು,” ಎಂದು ಹ್ವಾ ಅತ್ತೆ ಕೊಡೆಯಡಿಯಲ್ಲಿ ಗೊಣಗಿದಳು. ಯಾರೂ ನಗಲಿಲ್ಲ. ಲೇಚುವಿಗೆ ತಾನು ತಪ್ಪು ಮಾಡಿದೆನೇನೋ ಅನ್ನಿಸಿತು. ಏರಿ ಹತ್ತುವವರೆಗೂ ತಲೆ ತಗ್ಗಿಸಿಯೇ ನಡೆದಳು.

ನಡುವೆ ನೀರು, ಆಚೆ ದಡದಲ್ಲಿ ದೂರಕ್ಕೆ ಕೆಂಪು ಪಟ್ಟೆಯ ಚಪ್ಪರ. ಮೊದಲು ಒಂದೇ ಒಂದು ಟ್ರಂಪೆಟ್ಟು ಕೇಳಿಸಿತು, ಹಿಂದೆಯೇ ಉಳಿದವು ಸೇರಿಕೊಂಡವು. ಮದುಮಗಳನ್ನು ಕಾರಿನಿಂದ ಇಳಿಸಿಕೊಳ್ಳುವ ರಾಗ. ನೀರಿನ ಮೇಲೆ ತೇಲಿಕೊಂಡು ಪೂರ್ತಿಯಾಗಿ, ಎಲ್ಲೂ ಸಿಕ್ಕಿಕೊಳ್ಳದೆ ಬಂತು.

“ಅಕ್ಕ, ಅಲ್ಲಿ ನೋಡು,” ಎಂದ ಆತೇಕ್. “ಬ್ಯಾಂಡಿನೋರು ಚಪ್ಪರಕ್ಕೆ ಬೆನ್ನು ಹಾಕಿದಾರೆ.”

ಆರು ಕೆಂಪು ಕೋಟುಗಳು ದಡದಂಚಿಗೆ ಬಂದು ನಿಂತು, ಹಿತ್ತಾಳೆಯ ಬಾಯಿಗಳನ್ನು ಏರಿಯ ಕಡೆಗೆ ತಿರುಗಿಸಿದ್ದವು. ಬಿಸಿಲಿಗೆ ಅವು ಒಂದೊಂದಾಗಿ ಮಿಂಚುತ್ತಿದ್ದವು.

ಗಾಡಿಯವನು ಯಾರೂ ಹೇಳದೆಯೇ ವೇಗ ತಗ್ಗಿಸಿದ. ಲೇಚು ಈ ಸಲ ಎತ್ತಲೂ ಹೋಗಲಿಲ್ಲ. ಗಾಡಿಯ ಹಿಂದಿನ ಕಂಬಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ತಾಯಿಯ ಹಿಂದೆ, ಆ ರಾಗಕ್ಕೆ ಸರಿಯಾಗಿ ಸಣ್ಣ ಹೆಜ್ಜೆ, ಸಣ್ಣ ಹೆಜ್ಜೆ ಇಡುತ್ತ ನಡೆದಳು.