ಎರಡನೆಯ ಅಭಿನಂದನೆ

ವೀಗರ್ ಮಾವ ರೂಲೀನಳ ಕೈ ಹಿಡಿದವರು ಬಿಡಲೇ ಇಲ್ಲ. "ನಮ್ಮ ಆಲ್ಟ್ಯೆ ಹುಟ್ಟುಹಬ್ಬಕ್ಕೆ ಅಭಿನಂದನೆ ಕಣಮ್ಮ," ಎಂದರು. ಮತ್ತೊಮ್ಮೆ ಕುಲುಕಿ, "ಇನ್ನೊಂದಕ್ಕೂ ಅಭಿನಂದನೆ," ಎಂದು ನಕ್ಕರು.

ಗೋಡೆಗೆ ಬೆನ್ನು ಮಾಡಿ ಸುತ್ತ ಇಟ್ಟಿದ್ದ ಹದಿಮೂರು ಕುರ್ಚಿಗಳಲ್ಲಿ ಕೂತಿದ್ದವರು ಯಾರೂ ತಲೆ ಎತ್ತಲಿಲ್ಲ. ಆ ಸೀಮೆಯಲ್ಲಿ ಒಬ್ಬರ ಹುಟ್ಟುಹಬ್ಬವೆಂದರೆ ಬಂದವರೆಲ್ಲ ಎಲ್ಲರಿಗೂ ಅಭಿನಂದನೆ ಹೇಳಬೇಕು. ಅಣ್ಣನಿಗೆ ತಂಗಿಯ ಹೆಸರಿನಲ್ಲಿ, ಮಗಳಿಗೆ ತಾಯಿಯ ಹೆಸರಿನಲ್ಲಿ, ಶಿಷ್ಯೆಗೆ ಗುರುವಿನ ಹೆಸರಿನಲ್ಲಿ. ಅಷ್ಟು ಅಭಿನಂದನೆಗಳ ನಡುವೆ ಒಂದು ಹೆಚ್ಚಾದರೆ ಯಾರ ಕಿವಿಗೆ ಬಿದ್ದೀತು? ನಿಂಕೆಯ ಕಿವಿಗೆ ಬಿತ್ತು. ಕಾಫಿಯ ತಟ್ಟೆ ಹಿಡಿದು ಅವಳು ಎದುರಿಗೇ ನಿಂತಿದ್ದಳು. ಜೂಡೋ ಮ್ಯಾಟಿಗೆ ಉಜ್ಜಿ ಉಜ್ಜಿ ಮುರುಟಿಹೋಗಿದ್ದ ರೂಲೀನಳ ಎಡಗಿವಿ ಕೆಂಪಗಾದದ್ದನ್ನೂ ಕಂಡಳು.

"ಯಾವ ಇನ್ನೊಂದು, ಮಾವ?"

ಮಾವನ ನಗು ನಿಂತಿತು. "ಏನಿಲ್ಲಮ್ಮ. ಬಾಯಿಗೆ ಬಂದದ್ದು ಅಂದೆ."

ನಿಂಕೆಗೆ ಇಪ್ಪತ್ತೊಂಬತ್ತು. ಜೂಡೋದ ಎಪ್ಪತ್ತು ಕಿಲೋ ತೂಕದ ವರ್ಗದಲ್ಲಿ ಹನ್ನೊಂದು ವರ್ಷ ದೇಶಕ್ಕೆ ಆಡಿದವಳು. ಟಿಬಿಲಿಸಿಯಲ್ಲಿ ಬೆಳ್ಳಿ, ಪ್ಯಾರಿಸ್ಸಿನಲ್ಲಿ ಕಂಚು. ವಿಶ್ವ ಸ್ಪರ್ಧೆಯಲ್ಲಿ ಎರಡು ಸಲ ಐದನೆಯ ಸ್ಥಾನ, ಎಂದರೆ ಕಂಚಿನ ಪಂದ್ಯದಲ್ಲಿ ಎರಡು ಸಲ ಸೋಲು. ಒಲಿಂಪಿಕ್ಸಿಗೆ ಒಂದು ತೂಕಕ್ಕೆ ದೇಶದಿಂದ ಒಬ್ಬಳೇ. ಹೋದ ಸಲ ಎಡಮೊಣಕಾಲಿನ ಕಟ್ಟು ಹರಿದುಕೊಂಡು ಮನೆಯಲ್ಲಿ ಕೂತಿದ್ದಳು. ಈ ಸಲ ತಪ್ಪಿದರೆ ಮುಂದಿನದಕ್ಕೆ ಮೂವತ್ತಮೂರಾಗಿರುತ್ತದೆ. ಉಳಿದಿರುವುದು ಇದೊಂದೇ. ಅಂಕಗಳಲ್ಲಿ ಅವಳೂ ರೂಲೀನಳೂ ಸಮಸಮ. ಮನೆಯ ಹಿಂದಿನ ಹಳೆಯ ದನದ ಕೊಟ್ಟಿಗೆಯನ್ನು ಜೂಡೋ ಶಾಲೆ ಮಾಡಿಕೊಂಡು ಮಗಳು ನಿಂಕೆಗೂ ಶಿಷ್ಯೆ ರೂಲೀನಳಿಗೂ ಕಲಿಸಿದವಳು ಆಲ್ಟ್ಯೆ. ಯಾರನ್ನು ಕಳಿಸೋಣ ಎಂದು ಆಯ್ಕೆ ಸಮಿತಿ ಅವಳನ್ನೇ ಕೇಳಿತ್ತು. ನಿಂಕೆ ಆ ಬಗ್ಗೆ ತಾಯಿಯ ಹತ್ತಿರ ಮಾತೆತ್ತಿರಲಿಲ್ಲ. ಎತ್ತಬೇಕಾದ ಮಾತು ಎಂದೇ ಅವಳಿಗೆ ಅನಿಸಿರಲಿಲ್ಲ.

"ಅಮ್ಮ, ಸಮಿತಿಗೆ ಕಾಗದ ಬರೆದ್ಯಾ?"

"ಬರೆದೆ."

"ಯಾರ ಹೆಸರು?"

ಆಲ್ಟ್ಯೆ ಕೇಕಿನ ಚಾಕುವನ್ನು ಬಟ್ಟೆಯಿಂದ ಒರೆಸಿದಳು. "ರೂಲೀನ್ ಹೆಸರು." ಊಟವಾದ ಮೇಲೆ ಬೈಬಲ್ಲಿನ ಕೀರ್ತನೆ ಓದುವಾಗಿನ ಅದೇ ದನಿ, ಏರಲಿಲ್ಲ, ಇಳಿಯಲಿಲ್ಲ.

"ಮಾವನಿಗೆ ಗೊತ್ತು. ಇವಳಿಗೆ ಗೊತ್ತು. ನನಗೆ?"

"ಹುಟ್ಟುಹಬ್ಬ ಕಳೀಲಿ ಅಂತಿದ್ದೆ."

"ನಾನು ನಿನ್ನ ಮಗಳು ಕಣಮ್ಮ."

"ಯಾರು ಗೆಲ್ತಾರೆ ಅಂತ ಕೇಳಿದ್ರು. ಯಾರು ಮಗಳು ಅಂತ ಕೇಳಿರ್ಲಿಲ್ಲ. ಎಡಗಾಲು ಊರೋ ಮುಂಚೆ ಎರಡು ಸಲ ಯೋಚನೆ ಮಾಡ್ತೀಯ ನೀನು. ನವೆಂಬರಿಂದ ನೋಡ್ತಿದೀನಿ."

ಕಿವಿ ಮಂದವಾದ ಪಕ್ಕದ ಮನೆಯ ಯಾನ್ನಾ ಮುಂದಕ್ಕೆ ಬಾಗಿ, "ಏನಂತೆ? ಯಾರಿಗೆ ಕಾಲು ನೋವಂತೆ?" ಎಂದಳು.

"ನನಗೇ ಅಂತೆ ಯಾನ್ನಜ್ಜಿ. ನೀವು ಕೇಕ್ ತಿನ್ನಿ." ನಿಂಕೆ ತಟ್ಟೆಯನ್ನು ಮೇಜಿಗೆ ಕುಕ್ಕಿದಳು, ಬಟ್ಟಲುಗಳಿಂದ ಕಾಫಿ ತುಳುಕಿತು. "ಇವಳನ್ನ ಹನ್ನೆರಡು ಸಲ ನೆಲಕ್ಕೆ ಬಡಿದಿದೀನಿ."

"ಹನ್ನೊಂದು," ಎಂದಳು ರೂಲೀನ್.

"ಒಂದ್ಸಲ ಸೋತು ಬಚ್ಚಲಲ್ಲಿ ಕೂತು ಅತ್ತಿದ್ಯಲ್ಲ, ಅದನ್ನ ಬಿಟ್ಟುಬಿಟ್ಯಾ?"

"ಆಗ ನನಗೆ ಹದಿನಾಲ್ಕು. ಅದನ್ನೂ ಎಣಿಸ್ಕೊಳ್ಳೋ ಅಷ್ಟು ಗತಿ ಕೆಟ್ಟಿದ್ರೆ ಎಣಿಸ್ಕೋ, ಅಕ್ಕ." ಅಕ್ಕ ಎಂಬ ಮಾತನ್ನು ಅವಳು ಕಲ್ಲು ಬೀಸುವ ಹಾಗೆ ಬೀಸಿದಳು.

"ಬಾ ಹಾಗಾದ್ರೆ. ಈಗಲೇ. ಅಮ್ಮ, ಸಮಿತಿ ಸೇರೋದು ಬುಧವಾರ. ಗೆದ್ದವಳ ಹೆಸರು ಹಾಕಿ ಇನ್ನೊಂದು ಕಾಗದ ಬರಿ."

ಆಲ್ಟ್ಯೆ ಒಬ್ಬಳಾದ ಮೇಲೆ ಇನ್ನೊಬ್ಬಳ ಮುಖ ನೋಡಿದಳು. "ಒಂದೇ ಪಂದ್ಯ. ಆಮೇಲೆ ಈ ಮಾತು ಇಬ್ಬರ ಬಾಯಲ್ಲೂ ಬರಬಾರದು."

"ಬರಲ್ಲ," ಎಂದರು ಇಬ್ಬರೂ.

"ಕೇಕ್ ಬಿಟ್ಟು ಎಲ್ಲಿಗೆ ಹೊರಟ್ರೇ ಎಲ್ಲಾ?" ಎಂದು ಯಾನ್ನಾ ಕೂಗುತ್ತಲೇ ಇದ್ದಳು.

ಕೊಟ್ಟಿಗೆಯಲ್ಲಿ ಮಧ್ಯಾಹ್ನದ ಬಿಸಿಲು ಹಸಿರು ಮ್ಯಾಟುಗಳ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಇಬ್ಬರೂ ಗೂಟದಿಂದ ಜೂಡೋ ಅಂಗಿ ಎಳೆದು ಹುಟ್ಟುಹಬ್ಬದ ಬಟ್ಟೆಯ ಮೇಲೆಯೇ ತೊಟ್ಟು, ಸೊಂಟಪಟ್ಟಿ ಬಿಗಿದರು. ಬಾಗಿ ನಮಿಸಿದರು, ಆ ನಮಸ್ಕಾರದಲ್ಲಿ ಕಣ್ಣುಗಳು ಬಾಗಲಿಲ್ಲ. ಆಲ್ಟ್ಯೆ ಕೈ ಇಳಿಸಿ ಶುರುಮಾಡಿ ಎಂದಳು.

ರೂಲೀನ್ ನೇರ ನಿಂಕೆಯ ಎಡಗಾಲಿಗೇ ಬಂದಳು. ಅದನ್ನು ನೆಲದಿಂದ ಕೀಳಲು ತನ್ನ ಪಾದದಿಂದ ಒಮ್ಮೆ ಗುಡಿಸಿದಳು, ಇನ್ನೊಮ್ಮೆ ಗುಡಿಸಿದಳು. ಅದು ಮೂರನೆಯ ಸಲವೂ ಬರುತ್ತದೆಂದು ನಿಂಕೆಗೆ ಗೊತ್ತಿತ್ತು. ಬಂದ ಕಾಲಿಗೆ ತನ್ನ ಕಾಲನ್ನು ಬಿಟ್ಟುಕೊಟ್ಟು, ಬೀಳುತ್ತಲೇ ಅವಳ ಬಲಗೈಯನ್ನು ಬಾಚಿಕೊಂಡಳು. ನೆಲಕ್ಕೆ ಬಂದಾಗ ಆ ಕೈ ನಿಂಕೆಯ ಎರಡು ತೊಡೆಗಳ ನಡುವೆ ಸಿಕ್ಕಿತ್ತು, ಮುಂಗೈ ಅವಳ ಎದೆಗೆ ಒತ್ತಿತ್ತು. ಸೊಂಟ ಎತ್ತಿದಳು. ಮೊಣಕೈ ನೆಟ್ಟಗಾಯಿತು.

"ಸೋತೆ ಅಂತ ಕೈ ತಟ್ಟು."

ರೂಲೀನ್ ತಟ್ಟಲಿಲ್ಲ. ಖಾಲಿಯಿದ್ದ ಅವಳ ಎಡಗೈ ಮ್ಯಾಟಿನ ಮೇಲೆ ಅಂಗಾತ ಬಿದ್ದಿತ್ತು.

"ತಟ್ಟೇ!"

ನಿಂಕೆ ಸೊಂಟವನ್ನು ಇನ್ನೊಂದು ಬೆರಳಿನಷ್ಟು ಎತ್ತಿದಳು. ಒಳಗೆ ಎಲ್ಲೋ ಕೀಲು ಲಟಕ್ಕೆಂದದ್ದು ಅವಳ ಎದೆಗೇ ಕೇಳಿಸಿತು. ಇನ್ನೊಂದು ಬೆರಳು ಎತ್ತಿದರೆ ಸಾಕು: ಈ ಕೈ ಆರು ತಿಂಗಳು ಏಳುವುದಿಲ್ಲ, ಬುಧವಾರ ಒಂದೇ ಹೆಸರು ಉಳಿಯುತ್ತದೆ. ನಿಂಕೆ ತಾಯಿಯ ಕಡೆ ನೋಡಿದಳು. ನಿಲ್ಲಿಸು ಎನ್ನಬಹುದಿತ್ತು, ಗೆದ್ದೆ ಎನ್ನಬಹುದಿತ್ತು. ಆಲ್ಟ್ಯೆ ಎರಡನ್ನೂ ಅನ್ನಲಿಲ್ಲ. ಅವಳು ನೋಡುತ್ತಿದ್ದದ್ದು ಆ ಕೈಯನ್ನಲ್ಲ, ಮಗಳ ಮುಖವನ್ನು.

ನಿಂಕೆಯ ಸೊಂಟ ಇಳಿಯಿತು. ಕೂದಲೆಳೆಯಷ್ಟು, ಒಂದೇ ಗಳಿಗೆ. ಅಷ್ಟರಲ್ಲಿ ರೂಲೀನ್ ಕೈ ಕಿತ್ತುಕೊಂಡು ಹೊರಳಿ ಅವಳ ಎದೆಯ ಮೇಲಿದ್ದಳು. ಒಳ್ಳೆಯ ಕೈಯಿಂದ ಕತ್ತು ಅಪ್ಪಿ, ಇಡೀ ಎಪ್ಪತ್ತು ಕಿಲೋ ಹೇರಿದ್ದಳು.

ಆಲ್ಟ್ಯೆ ಎಣಿಸತೊಡಗಿದಳು. ಇಪ್ಪತ್ತು ಎಣಿಸುವವರೆಗೆ ಅಂಗಾತ ಒತ್ತಿ ಹಿಡಿದವಳು ಗೆದ್ದ ಹಾಗೆ. ಒಂದು, ಎರಡು, ಮೂರು. ನಿಂಕೆ ಸೇತುವೆಯಂತೆ ಬಾಗಿ ಮೈ ಕೊಡವಿದಳು, ಬಲಕ್ಕೆ ತಿರುಗಿದಳು, ಎಡಕ್ಕೆ ತಿರುಗಿದಳು. ಒಂಬತ್ತು, ಹತ್ತು. ರೂಲೀನಳ ಬೆವರು ಅವಳ ಕಣ್ಣಿಗೆ ಇಳಿಯಿತು. ತಾಯಿಯ ಎಣಿಕೆ ಅವಸರಪಡಲಿಲ್ಲ, ತಡಮಾಡಲಿಲ್ಲ.

"ಇಪ್ಪತ್ತು."

ರೂಲೀನ್ ಎದ್ದು ಮೊಣಕೈ ಹಿಡಿದುಕೊಂಡು ನಿಂತಳು. ಮುಖ ಬೆಳ್ಳಗಾಗಿತ್ತು. "ನಾನಾಗಿದ್ರೆ ಬಿಡ್ತಿರ್ಲಿಲ್ಲ," ಎಂದಳು.

"ಗೊತ್ತು."

"ಉಪಕಾರ ಅಂತ ನೆನೆಸ್ಕೋತೀನಿ ಅನ್ಕೋಬೇಡ."

"ಹೋಗೇ ಆಚೆ."

ಆಲ್ಟ್ಯೆ ರೂಲೀನಳ ಕೈಯನ್ನು ಮಡಿಸಿ ಬಿಡಿಸಿ ನೋಡಿದಳು. ಐಸ್ ಇಡಬೇಕು, ಮನೆಗೆ ನಡಿ ಎಂದಳು. ಬಾಗಿಲ ಹತ್ತಿರ ನಿಂತು, ತಿರುಗದೆಯೇ, "ಚೀಸ್ ಹೆಚ್ಚಿಡಬೇಕು. ಜನ ಕಾಯ್ತಿದಾರೆ. ನೀನೂ ಬಾ," ಎಂದಳು. ಅಂಗಳದ ಜಲ್ಲಿಯ ಮೇಲೆ ಇಬ್ಬರ ಹೆಜ್ಜೆಯ ಸದ್ದು ದೂರವಾಯಿತು.

ಉರುಳಾಟದಲ್ಲಿ ಮ್ಯಾಟುಗಳು ಸರಿದು ನಡುವೆ ಒಂದು ಗೇಣು ಸಂದು ಬಿಟ್ಟಿತ್ತು. ಕೆಳಗಿನ ಹಳೆಯ ಇಟ್ಟಿಗೆಯ ನೆಲ ಕಾಣುತ್ತಿತ್ತು. ನಿಂಕೆ ಮೊಣಕಾಲೂರಿ, ಎರಡೂ ಅಂಗೈ ಕೊಟ್ಟು ಮ್ಯಾಟನ್ನು ತಳ್ಳಿದಳು. ಸಂದು ಮುಚ್ಚಿತು. ಆಚೆಯ ಸಾಲಿನಲ್ಲಿ ಅಷ್ಟೇ ಅಗಲಕ್ಕೆ ಇನ್ನೊಂದು ಬಾಯಿ ಬಿಟ್ಟಿತು. ಅವಳು ಅಲ್ಲಿಗೆ ತೆವಳಿ ಮತ್ತೆ ಅಂಗೈ ಊರಿದಳು.