ಪರೀಕ್ಷೆಯ ದಿನದ ಸಾರು

ಅಂದು ಯೊನ್ಹಿಗೆ ಕಾಲೇಜಿನ ಪರೀಕ್ಷೆ. ಹುಟ್ಟಿದ ದಿನವೂ ಅಂದೇ. ಎರಡು ದಿನದಿಂದ ಹುಡುಗಿ ಊಟಕ್ಕೂ ತನ್ನ ಬಾಡಿಗೆ ಕೋಣೆಯ ಬಾಗಿಲು ತೆರೆದಿರಲಿಲ್ಲ. ವಸತಿಮನೆಯ ಒಡತಿ ಮಾಲ್ಸುನ್ ಬೆಳಿಗ್ಗೆ ಬುದ್ಧನಿಗೆ ಕೈಮುಗಿದು ಬಂದು ಬಾಗಿಲು ತಟ್ಟಿದಳು.

"ಹುಟ್ಟುಹಬ್ಬದ ಕಡಲಪಾಚಿ ಸಾರು ತಂದಿದ್ದೀನಿ, ಮಗಳೇ."

"ಪರೀಕ್ಷೆ ದಿನ ಅದನ್ನ ಯಾರಾದ್ರೂ ಕುಡೀತಾರಾ ಅಜ್ಜಿ? ಆ ಲೋಳೆ ಪಾಚಿ ಹಾಗೇ ನಾನೂ ಜಾರಿ ಫೇಲಾಗ್ತೀನಿ!"

"ಆಗು. ನಿಮ್ಮಮ್ಮ ನನ್ನನ್ನೇ ಬೈಲಿ."

ಮಾಲ್ಸುನ್ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದಳು.

"ನನ್ನ ಮಗನಿಗೂ ಹುಟ್ಟಿದ ದಿನಾನೇ ಪರೀಕ್ಷೆ ಬಂದಿತ್ತು. ಜಾರುತ್ತೆ ಅಂತ ಸಾರು ಮಾಡ್ಲಿಲ್ಲ. ಅವನ ಮುಖ ಬಾಡಿತ್ತು, ನಾನು 'ಓದಿದ್ಯಾ' ಅಂತಷ್ಟೇ ಕೇಳ್ದೆ. ಅವನು ಜೀವಂತವಾಗಿ ಮನೆಗೆ ವಾಪಸ್ ಬರ್ಲಿಲ್ಲ."

ಚಿಲಕ ಸರಿಯಿತು. ಯೊನ್ಹಿ ಬಾಗಿಲನ್ನು ಅರ್ಧ ತೆರೆದಳು.

"ನಂಗೆ ಪರೀಕ್ಷೆಗೆ ಹೋಗೋಕಾಗಲ್ಲ, ಅಜ್ಜಿ."

"ಬಿಸಿ ಇದೆ," ಎಂದಳು ಮಾಲ್ಸುನ್, ಹೊಸ್ತಿಲಲ್ಲೇ ಕೂರುತ್ತಾ. "ಊದ್ಕೊಂಡು ಕುಡಿ."